ಎರಡು ಸೀಟಿನ ರಥ

ಕನ್ನಡ ಎಂ.ಎ. ಮಾಡಿದವನಿಗೆ ಬಾಳಿನಲ್ಲಿ ಹಲವು ಬಗೆಯ ಆಸೆಗಳು ಹುಟ್ಟಬಹುದು. ಒಂದು ಕವನ ಸಂಕಲನ ಹೊರತರಬೇಕು, ಹಳಗನ್ನಡ ಕಾವ್ಯವೊಂದಕ್ಕೆ ಟಿಪ್ಪಣಿ ಬರೆಯಬೇಕು, ಗಾಜಿನ ಬಾಗಿಲಿನ ಪುಸ್ತಕದ ಕಪಾಟು ಮಾಡಿಸಬೇಕು. ಇವೆಲ್ಲ ಸಭ್ಯವಾದ ಆಸೆಗಳು, ಯಾರೂ ತಪ್ಪೆನ್ನಲಾರರು. ನನಗೆ ಹುಟ್ಟಿದ್ದು ಹಳೆಯ ಸ್ಪೋರ್ಟ್ಸ್ ಕಾರು ಕೊಳ್ಳುವ ಆಸೆ. ಅದೂ ಓಡುವ ಕಾರಲ್ಲ, ಓಡದೆ ನಿಂತಿರುವ ಕಾರು! ಅದನ್ನು ಅಗ್ಗಕ್ಕೆ ಕೊಂಡು, ಭಾನುವಾರಕ್ಕೊಂದು ಭಾಗದಂತೆ ಬಿಚ್ಚಿ, ಒರೆಸಿ, ಸರಿಪಡಿಸಿ, ಒಂದಲ್ಲ ಒಂದು ದಿನ ರಸ್ತೆಗಿಳಿಸಬೇಕೆಂಬ ಹಂಬಲ. ಇದನ್ನು ಕೇಳಿದ ಸಹೋದ್ಯೋಗಿಯೊಬ್ಬರು ಏನೂ ಮಾತಾಡದೆ ನನ್ನ ಹಣೆಯನ್ನು ಮುಟ್ಟಿ ನೋಡಿದರು.

ಕಾರಿನ ಹೆಸರು ಸ್ಯಾನ್ ಸ್ಟಾರ್ಮ್. ಅನೇಕರು ಕೇಳಿರಲಾರರು. ಬೆಂಗಳೂರಿನ ಸ್ಯಾನ್ ಸಮೂಹದವರು 1990ರ ದಶಕದ ಕೊನೆಯಲ್ಲಿ, ನಮ್ಮ ಕಾರವಾರದ ಗಡಿಯಾಚೆಯ ಗೋವೆಯಲ್ಲಿ ತಯಾರಿಸತೊಡಗಿದ ಪುಟ್ಟ ತೆರೆದ ಕಾರು ಅದು. ಎರಡೇ ಸೀಟು. ತಲೆಯ ಮೇಲೆ ಬೇಕಾದರೆ ಎಳೆದುಕೊಳ್ಳುವ, ಬೇಡವಾದರೆ ಮಡಚಿಡುವ ಬಟ್ಟೆಯ ಮಾಡು. ರೂಪುರೇಷೆ ಫ್ರಾನ್ಸಿನದು, ಹೃದಯವೂ ಫ್ರಾನ್ಸಿನದೇ—ರೆನೋ ಕಂಪನಿಯ 1149 ಸಿಸಿ ಎಂಜಿನ್ನು, ಸುಮಾರು 60 ಅಶ್ವಶಕ್ತಿ. ಮೈ ಮಾತ್ರ ಫೈಬರಿನದು. ಈಗ ಅದರ ತಯಾರಿಕೆ ನಿಂತುಹೋಗಿದೆ.

ಇಂಥದೊಂದು ಕೆಂಪು ಕಾರು, ಕಾಳಿ ನದಿಯಾಚೆಯ ಸದಾಶಿವಗಡದಲ್ಲಿ ಪರಿಚಿತರೊಬ್ಬರ ತೆಂಗಿನ ತೋಟದ ಶೆಡ್ಡಿನಲ್ಲಿ ವರ್ಷಗಟ್ಟಲೆ ನಿದ್ದೆ ಹೋಗಿತ್ತು. ಸೀಟಿನ ಮೇಲೆ ಕೋಳಿ ಮೊಟ್ಟೆಯಿಟ್ಟಿತ್ತು. ಮಾಲೀಕರು ಹೇಳಿದ ಬೆಲೆ 1,20,000 ರೂಪಾಯಿ. “ಮಾಸ್ತರರಿಗೆಂದು ಕಡಿಮೆ ಹೇಳಿದ್ದೇನೆ. ಕೋಳಿ ಮಾತ್ರ ಲೆಕ್ಕದಲ್ಲಿಲ್ಲ” ಎಂದರು.

ಈ ಆಸೆಗೆ ಮೂಲವಿಲ್ಲದಿಲ್ಲ. 2000ದ ಸುಮಾರಿಗೆ, ನಾನು ಅಂಕೋಲೆಯಲ್ಲಿ ಪ್ರಾಥಮಿಕ ಶಾಲೆಗೆ ಹೋಗುತ್ತಿದ್ದಾಗ, ಬಸ್ ನಿಲ್ದಾಣದ ಬಳಿ ಎಳನೀರು ಕುಡಿಯಲು ಇಂಥದೇ ಕೆಂಪು ಕಾರೊಂದು ನಿಂತಿತ್ತು. ಆಗಷ್ಟೇ ಹುಬ್ಬಳ್ಳಿಯ ಬಸ್ಸನ್ನು ಅರಬೈಲ್ ಘಟ್ಟ ಇಳಿಸಿಕೊಂಡು ಬಂದಿದ್ದ ತಂದೆಯವರು ಖಾಕಿ ಅಂಗಿಯಲ್ಲೇ ನನ್ನ ಕೈಹಿಡಿದು ನಿಂತಿದ್ದರು. ಅವರು ಸಾರಿಗೆ ಸಂಸ್ಥೆಯ ಚಾಲಕರು. “ಅಪ್ಪಾ, ದೊಡ್ಡವನಾದ ಮೇಲೆ ನಾ ಇದನ್ನೇ ತಗೊಳ್ತೆ. ನಿನ್ನ ಕೂಡ್ರಿಸ್ಕೊಂಡು ಗೋವಾಕ್ಕೆ ಹೋಗ್ತೆ” ಎಂದೆ. ಅವರು ಕಾರನ್ನು ಸುತ್ತು ಹಾಕಿ ನೋಡಿ, “ಎರಡೇ ಸೀಟು ಅದೆಯಲ್ಲೋ ತಮಾ. ಆಯಿ ಎಲ್ಲಿ ಕೂಡ್ರಬೇಕು?” ಎಂದು ನಕ್ಕಿದ್ದರು.

ಮೂವತ್ತು ವರ್ಷ ಬಸ್ಸು ಓಡಿಸಿದ ತಂದೆಯವರು ಸ್ವಂತಕ್ಕೆ ಕಾರು ಕೊಳ್ಳಲಿಲ್ಲ. ಆರು ವರ್ಷದ ಹಿಂದೆ ತಾಯಿ ತೀರಿಕೊಂಡರು. ಈಗ ಅಂಕೋಲೆಯ ಹಂಚಿನ ಮನೆಯಲ್ಲಿ ತಂದೆಯವರೊಬ್ಬರೇ. ನಾನೂ ನನ್ನ ಹೆಂಡತಿಯೂ ನೌಕರಿಯ ಸಲುವಾಗಿ ಕಾರವಾರದಲ್ಲಿ. ನಡುವೆ ಮೂವತ್ತೈದು ಕಿಲೋಮೀಟರು. ಬಿಣಗಾ, ಅರ್ಗಾ, ಅಮದಳ್ಳಿ, ಅವರ್ಸಾ ದಾಟಿದರೆ ಊರು ಬಂತು. ತಿಂಗಳಿಗೆ ಮೂರು ಭಾನುವಾರವಾದರೂ ಬರುತ್ತೇನೆಂದು ಅವರಿಗೆ ಮಾತು ಕೊಟ್ಟಿದ್ದೇನೆ. ಮಾತು ಕೊಡುವಾಗ ಮೂರು. ನಡೆಸುವಾಗ ಎರಡು, ಕೆಲವೊಮ್ಮೆ ಒಂದು.

ಒಂದು ರಾತ್ರಿ ಊಟವಾದ ಮೇಲೆ ಲೆಕ್ಕಕ್ಕೆ ಕುಳಿತೆ. ಬ್ಯಾಂಕಿನಲ್ಲಿದ್ದುದು ಎರಡು ಲಕ್ಷ ಚಿಲ್ಲರೆ. ಕಾರಿನ ಬೆಲೆ ತೆಗೆದರೂ ಎಂಬತ್ತು ಸಾವಿರ ಉಳಿಯುತ್ತದೆಂದು ಮೊದಲು ಹಿಗ್ಗಿದೆ. ಆಮೇಲೆ ಹಿಗ್ಗು ಕುಗ್ಗುತ್ತ ಬಂತು. ಗೋವೆಯ ನೋಂದಣಿಯ ಕಾರು ಕರ್ನಾಟಕದ್ದಾಗಬೇಕಾದರೆ ಅಲ್ಲಿಯ ಕಚೇರಿಯಿಂದ ನಮೂನೆ 28ರ ನಿರಾಕ್ಷೇಪಣಾ ಪತ್ರ, ಇಲ್ಲಿ ಮರುನೋಂದಣಿ, ಜೊತೆಗೆ ಜೀವಿತಾವಧಿ ತೆರಿಗೆ. ಇಪ್ಪತ್ತು ವರ್ಷ ದಾಟಿದ ಕಾರಿನ ನೋಂದಣಿ ನವೀಕರಣದ ಶುಲ್ಕವನ್ನು 2025ರ ಆಗಸ್ಟಿನಲ್ಲಿ 10,000 ರೂಪಾಯಿಗೆ ಏರಿಸಿದ್ದಾರೆ. ‘ವಿಂಟೇಜ್’ ಎಂಬ ಗೌರವವಾದರೂ ಸಿಕ್ಕೀತೇ ಎಂದು ನೋಡಿದರೆ, 2021ರ ನಿಯಮದ ಪ್ರಕಾರ ಅದಕ್ಕೆ ಐವತ್ತು ವರ್ಷ ದಾಟಿರಬೇಕು. ನನ್ನ ಕಾರು ಹೊಸದೂ ಅಲ್ಲ, ಪೂಜ್ಯವಾಗುವಷ್ಟು ಹಳತೂ ಅಲ್ಲ. ಮೂವತ್ತೈದರ ಅಧ್ಯಾಪಕನಂತೆ ಎರಡರ ನಡುವೆ ನಿಂತದ್ದು.

ಹೆಂಡತಿ ಹಿಂದಿನಿಂದ ಬಂದು ಕಾಗದವನ್ನು ನೋಡಿದಳು. ಬಯ್ಯುವಳೆಂದು ಕಾದೆ, ಬಯ್ಯಲಿಲ್ಲ. “ಖರ್ಚೆಲ್ಲ ಬರೆದಿದ್ದೀರಿ. ಭಾನುವಾರಗಳನ್ನು ಬರೆಯಲಿಲ್ಲವಲ್ಲ?” ಎಂದಳು. ಸ್ವಲ್ಪ ಹೊತ್ತು ಬಿಟ್ಟು, “ಹೋದ ಮಳೆಗಾಲದಲ್ಲಿ ಮಾವನವರ ಕೋಣೆಯಲ್ಲಿ ಮೂರು ಕಡೆ ಪಾತ್ರೆ ಇಟ್ಟಿದ್ದರು. ನೀವು ನೋಡಿರಲಿಕ್ಕಿಲ್ಲ” ಎಂದು ಸೇರಿಸಿದಳು. ನಾನು ನೋಡಿದ್ದೆ. ನೋಡಿಯೂ, ಹಂಚು ಸರಿದಿರಬೇಕೆಂದು ನನಗೆ ನಾನೇ ಹೇಳಿಕೊಂಡು ಸಂಜೆಯ ಬಸ್ಸು ಹಿಡಿದಿದ್ದೆ.

ಆದರೂ ಆಸೆ ಬಿಡಲಿಲ್ಲ. ತಜ್ಞರ ಅಭಿಪ್ರಾಯ ಬೇಕೆಂಬ ನೆಪ ಹೂಡಿ ತಂದೆಯವರನ್ನೇ ಕರೆಸಿದೆ. ಅವರು ಬೆಳಗಿನ ಬಸ್ಸಿಗೇ ಬಂದಿಳಿದರು. ಇಸ್ತ್ರಿ ಮಾಡಿದ ಅಂಗಿ. ಕೈಚೀಲದಲ್ಲಿ ಒಂದು ಟಾರ್ಚು, ಒಂದು ಸಣ್ಣ ಸುತ್ತಿಗೆ.

ಕಾಳಿ ಸೇತುವೆಯ ಮೇಲೆ ಹೋಗುವಾಗ ಅವರು ಕಿಟಕಿಯತ್ತ ಬಾಗಿದರು. ಪಕ್ಕದಲ್ಲಿದ್ದ ಹಳೆಯ ಸೇತುವೆ 2024ರ ಆಗಸ್ಟ್ 7ರ ನಡುರಾತ್ರಿ ಕುಸಿದು, ಲಾರಿಯೊಂದು ನದಿಗೆ ಬಿದ್ದು, ಚಾಲಕನನ್ನು ಜೀವಂತವಾಗಿ ಮೇಲೆತ್ತಿದ್ದು ಎಲ್ಲರಿಗೂ ನೆನಪಿದೆ. “ಅದ್ರ ಮೇಲೆ ಎಷ್ಟು ಸಲ ಹೋಗಿದ್ದೆನೋ ಲೆಕ್ಕ ಇಲ್ಲ. ಮೇಲಿಂದ ನೋಡಿದ್ರೆ ಚಲೋನೇ ಇತ್ತು” ಎಂದಷ್ಟೇ ಹೇಳಿದರು.

ಶೆಡ್ಡಿನಲ್ಲಿ ಅವರು ಎಂಜಿನ್ನಿನ ಬಾನೆಟ್ಟು ಎತ್ತಿ ಬಹಳ ಹೊತ್ತು ನೋಡಿದರು. ನಿಂತ ಗಾಡಿಗೆ ಓಡುವ ಗಾಡಿಗಿಂತ ರೋಗ ಹೆಚ್ಚೆಂದು ನನಗೆ ಪಾಠ ಹೇಳಿದರು: ಟ್ಯಾಂಕಿನ ಪೆಟ್ರೋಲು ಅಂಟಾಗುತ್ತದೆ, ರಬ್ಬರು ಬಿರಿಯುತ್ತದೆ, ಬ್ರೇಕಿನ ಎಣ್ಣೆ ಗಾಳಿಯ ತೇವವನ್ನು ಹೀರಿ ಒಳಗಿನ ಲೋಹವನ್ನು ತಿನ್ನುತ್ತದೆ. “ಅದೆಲ್ಲ ಆಗೂ ಕೆಲ್ಸವೇ. ಎಂಜಿನ್ನು ಚಲೋ ಅದೆ” ಎಂದಾಗ ನನ್ನ ಎದೆ ಉಬ್ಬಿತು. ಆಮೇಲೆ ಬಾಗಿಲು ತೆಗೆದು, ಕೋಳಿಯನ್ನು ಮೆಲ್ಲನೆ ಓಡಿಸಿ, ಚಾಲಕನ ಸೀಟಿನಲ್ಲಿ ಕುಳಿತರು. ನನ್ನನ್ನೂ ಪಕ್ಕದಲ್ಲಿ ಕೂಡ್ರೆಂದರು. ಎರಡೂ ಕೈಗಳನ್ನು ಸ್ಟಿಯರಿಂಗಿನ ಮೇಲಿಟ್ಟು ಎದುರಿನ ತೆಂಗಿನ ಮರಗಳನ್ನು ರಸ್ತೆಯೆಂಬಂತೆ ನೋಡುತ್ತಿದ್ದರು.

“ಈಗ ಎರಡು ಸೀಟು ಸಾಕಾಗ್ತಿತ್ತು” ಎಂದರು.

ಅಂದು ಎಳನೀರಂಗಡಿಯ ಮುಂದೆ ನಾನು ಆಡಿದ ಮಾತನ್ನು ಅವರು ಮರೆತಿರಲಿಲ್ಲ. ನನಗೆ ಉತ್ತರ ಹೊಳೆಯಲಿಲ್ಲ.

ಅವರು ಇಳಿದು, ನೆಲದ ಮೇಲೆ ಗೋಣಿ ಹಾಸಿ ಮಲಗಿ, ಕಾರಿನ ಕೆಳಗೆ ಟಾರ್ಚು ಬಿಟ್ಟು ಸುತ್ತಿಗೆಯಿಂದ ತಟ್ಟತೊಡಗಿದರು. ಒಂದು ಕಡೆ ಠಣ್ ಎಂದಿತು. ಇನ್ನೊಂದು ಕಡೆ ಠಣ್. ಮೂರನೆಯ ಕಡೆ ‘ದಬ್’ ಎಂದು ಕೊಳೆತ ಹಲಸಿನಕಾಯಿಯ ದನಿ ಬಂದು, ಕೆಂಪು ಚೂರುಗಳು ಅವರ ಇಸ್ತ್ರಿಯ ಅಂಗಿಯ ಮೇಲೆ ಉದುರಿದವು. ಮೇಲಿನ ಫೈಬರಿನ ಮೈಗೆ ತುಕ್ಕಿಲ್ಲ. ಅದು ಥಳಥಳಿಸುತ್ತಲೇ ಇತ್ತು. ಕೆಳಗಿನ ಉಕ್ಕಿನ ಚೌಕಟ್ಟನ್ನು ಮಾತ್ರ ಕಡಲ ಗಾಳಿಯ ಉಪ್ಪೂ ಮಳೆಗಾಲಗಳ ತೇವವೂ ಸದ್ದಿಲ್ಲದೆ ತಿಂದುಹಾಕಿದ್ದವು. ಮಾಡಿದವರ ತಪ್ಪಲ್ಲ, ಕಡಲ ಮಗ್ಗುಲಲ್ಲಿ ನಿಲ್ಲಿಸಿ ಮರೆತ ಯಾವ ಗಾಡಿಗೂ ಇದೇ ಗತಿ.

ಅಪ್ಪ ಎದ್ದು ಅಂಗಿ ಕೊಡವಿಕೊಂಡರು. ಅವರ ಮುಖ ನೋಡಿದೆ. ಈ ಕಾರು ನನಗಿಂತ ಅವರಿಗೆ ಹೆಚ್ಚು ಬೇಕಾಗಿತ್ತೆಂದು ಆಗ ತಿಳಿಯಿತು.

“ಬ್ಯಾಡ ತಮಾ” ಎಂದರು. “ಎಂಜಿನ್ನು ಕೆಟ್ರೆ ದಾರಿ ಮೇಲೆ ನಿಲ್ತದೆ. ಚಾಸಿ ಹೋದ್ರೆ ನಿಲ್ಲೂದಿಲ್ಲ, ಮುರೀತದೆ.”

ತರಗತಿಯಲ್ಲಿ ಕರ್ಣನ ಕೊನೆಯ ದಿನದ ಪಾಠವನ್ನು ವರ್ಷವರ್ಷವೂ ಹೇಳುತ್ತೇನೆ. ರಥದ ಗಾಲಿ ನೆಲದಲ್ಲಿ ಹೂತಾಗ ಸಾರಥಿ ಶಲ್ಯ ಕೈಬಿಟ್ಟು ಹೋಗಿದ್ದ. ನನ್ನ ಸಾರಥಿ ನಾನು ರಥವನ್ನೇರುವ ಮೊದಲೇ, ತನ್ನ ಆಸೆಯನ್ನೂ ಬದಿಗಿಟ್ಟು, ಅದರ ಕೆಳಗೆ ಮಲಗಿ ನೋಡಿದ್ದರು. ಕಾರು ಬೇಡವೆಂದು ಮಾಲೀಕರಿಗೆ ಅಲ್ಲಿಯೇ ತಿಳಿಸಿದೆ. ಅವರಿಗೇನೂ ಬೇಸರವಾದಂತೆ ಕಾಣಲಿಲ್ಲ. ಕೋಳಿ ಮತ್ತೆ ಸೀಟನ್ನೇರಿತು.

ಮುಂದಿನ ಭಾನುವಾರ ತಪ್ಪದೆ ಅಂಕೋಲೆಗೆ ಹೋದೆ. ಏಣಿ ಗೋಡೆಗೆ ಒರಗಿತ್ತು. ತಂದೆಯವರು ಮೇಲೆ ನಿಂತು ಅದೇ ಸುತ್ತಿಗೆಯಿಂದ ಮಾಡಿನ ಪಕಾಸಿಗಳನ್ನು ಒಂದೊಂದಾಗಿ ತಟ್ಟುತ್ತಿದ್ದರು. ಮೂರು ಪಾತ್ರೆಗಳಿಗೆ ಕಾರಣ ಹಂಚು ಸರಿದದ್ದಲ್ಲವೆಂದು ಕೆಳಗೆ ನಿಂತ ನನಗೂ ಕೇಳಿಸಿತು. ಮೂರು ಕಡೆ ‘ದಬ್’.

“ಇಳಿ ಅಪ್ಪಾ, ನಾ ಹತ್ತುತ್ತೆ” ಎಂದೆ.

“ನಿಂಗೆ ದನಿ ಗೊತ್ತಾಗೂದಿಲ್ಲ” ಎನ್ನುತ್ತಲೇ ಅವರು ಇಳಿದು, ಸುತ್ತಿಗೆಯನ್ನು ನನ್ನ ಕೈಗೆ ಕೊಟ್ಟು, ಏಣಿಯನ್ನು ಗಟ್ಟಿಯಾಗಿ ಹಿಡಿದು ನಿಂತರು. ಮಳೆಗಾಲಕ್ಕೆ ಇನ್ನೂ ಎಂಟು ಭಾನುವಾರಗಳಿದ್ದವು.