ಪೀಪಾಯಿಯೂ ಉಗಿಬಂಡಿಯೂ

ಇಂಗ್ಲೆಂಡಿನ ಯಾರ್ಕ್‌ಷೈರಿನಲ್ಲಿ ಆಕ್ಸನ್‌ಹೋಪ್ ಎಂಬ ಪುಟ್ಟ ರೈಲು ನಿಲ್ದಾಣವಿದೆ. ಕೀತ್‌ಲಿಯಿಂದ ಹೊರಟ ಉಗಿಬಂಡಿ ಏದುಸಿರು ಬಿಡುತ್ತ ಎಂಟು ಕಿಲೋಮೀಟರ್ ಏರಿ ಬಂದು ನಿಲ್ಲುವುದು ಇಲ್ಲೇ. ಹಳೆಯ ಎಂಜಿನ್ನುಗಳನ್ನಿಟ್ಟ ಇಲ್ಲಿನ ಷೆಡ್ಡಿನಲ್ಲಿ ‘ರಿಯಲ್ ಏಲ್’ ಬಿಯರಿನ ಉತ್ಸವಗಳು ನಡೆದಿವೆ.

ರಿಯಲ್ ಏಲ್ ಎಂದರೆ ಜೀವವಿರುವ ಬಿಯರ್. ಯೀಸ್ಟನ್ನು ಸೋಸಿ ತೆಗೆಯದ ಕಾರಣ ಅದು ಪೀಪಾಯಿಯೊಳಗೇ ಎರಡನೆಯ ಬಾರಿ ಹುದುಗಿ, ಬೇಕಾದ ಇಂಗಾಲದ ಡೈಆಕ್ಸೈಡನ್ನು ತಾನೇ ಹುಟ್ಟಿಸಿಕೊಳ್ಳುತ್ತದೆ. ಐಸಿನ ತಣ್ಪು ಬೇಡ, ನೆಲಮಾಳಿಗೆಯ 12 ಡಿಗ್ರಿ ಸೆಲ್ಸಿಯಸ್ ಸಾಕು. ಆದರೆ ದೋಸೆಹಿಟ್ಟಿನಂತೆ ಅದಕ್ಕೂ ಹದವುಂಟು, ಅವಧಿಯುಂಟು. ನಲ್ಲಿ ಜಡಿದು ಬಳಸತೊಡಗಿದರೆ ಗಾಳಿ ಒಳಹೊಕ್ಕು ಮೂರ್ನಾಲ್ಕು ದಿನಕ್ಕೆ ರುಚಿ ಕೆಡುತ್ತದೆ. ಫರ್ಕಿನ್ ಎಂಬ ಪೀಪಾಯಿಯಲ್ಲಿ 72 ಪಿಂಟ್, ಅಂದರೆ ಸುಮಾರು 41 ಲೀಟರ್. ಅಷ್ಟರೊಳಗೆ ಅದು ಬರಿದಾಗಬೇಕು. ಗಿರಾಕಿ ಬಾರದ ಕಡೆ ಇದು ಬರೀ ನಷ್ಟದ ಬಾಬತ್ತು. ಸೋಸಿ, ಕಾಯಿಸಿ, ಅನಿಲ ತುಂಬಿದ ಬಿಯರು ದೊಡ್ಡ ಕಾರ್ಖಾನೆಗಳಿಗೆ ಹಿಡಿಸಿದ್ದರಲ್ಲಿ ಆಶ್ಚರ್ಯವೇನು? ಅದನ್ನು ಒಪ್ಪದ ನಾಲ್ವರು ಗೆಳೆಯರು 1971ರಲ್ಲಿ ಐರ್ಲೆಂಡ್ ಪ್ರವಾಸದಲ್ಲಿದ್ದಾಗ ‘ಕಾಮ್ರಾ’ ಎಂಬ ಚಳವಳಿ ಹೂಡಿದರು.

ಈ ರೈಲಿನದೂ ಅದೇ ಕಥೆ. 1867ರಲ್ಲಿ ಆರಂಭವಾದ ಮಾರ್ಗವನ್ನು ಸರ್ಕಾರಿ ರೈಲ್ವೆ 1962ರಲ್ಲಿ ಮುಚ್ಚಿತು. ಆಸಕ್ತರು ಸಂಘ ಕಟ್ಟಿ, ಹಣ ಕೂಡಿಸಿ, 1968ರಲ್ಲಿ ಮತ್ತೆ ಬಂಡಿ ಓಡಿಸಿದರು. ಇಂದಿಗೂ ಅಲ್ಲಿ ದುಡಿಯುವವರಲ್ಲಿ ಸಂಬಳವಿಲ್ಲದ ಸ್ವಯಂಸೇವಕರೇ ಹೆಚ್ಚು. ಉಗಿ ಎಂಜಿನ್ನೇನು ಗುಂಡಿ ಒತ್ತಿದರೆ ಹೊರಡುವುದಲ್ಲ. ಬಾಯ್ಲರು ಕಾಯಲು ಗಂಟೆಗಟ್ಟಲೆ ಬೇಕು. ಬೆಳಗಿನ ಬಂಡಿ ಹೊರಡಬೇಕಾದರೆ ಯಾರಾದರೊಬ್ಬರು ಕತ್ತಲಲ್ಲೇ ಎದ್ದು ಬಂದು ಬೆಂಕಿ ಹಾಕಬೇಕು.