ನೀರು ಸಿಹಿ ಐತೇನು?

ಎರಿ ಸೀಮೆಯವರ ಮುಂದೆ ಕೆರೆಯ ಚೆಲುವಿನ ಮಾತು ತೆಗೆಯಬಾರದು. ತೆಗೆದರೆ ಅವರು ಕೇಳುವುದು ಒಂದೇ: “ನೀರು ಸಿಹಿ ಐತೇನು?” ಧಾರವಾಡದವರು ಸಾಧನಕೇರಿಯಲ್ಲಿ ನಿಂತು ಬೇಂದ್ರೆಯವರನ್ನು ನೆನೆಯುತ್ತಾರೆ. ಹುಬ್ಬಳ್ಳಿಯವರು ಉಣಕಲ್ ಕೆರೆಯ ನಡುವಿರುವ ವಿವೇಕಾನಂದರ ಮೂರ್ತಿಯನ್ನು ಹಿಂದಿಟ್ಟುಕೊಂಡು ಫೋಟೊ ತೆಗೆಸಿಕೊಳ್ಳುತ್ತಾರೆ. ನವಲಗುಂದ ತಾಲೂಕಿನ ನಮಗೆ, ಅದರಲ್ಲೂ ಮೊರಬದಂಥ ಊರಿನವರಿಗೆ, ಕೆರೆ ಎಂದರೆ ಅಡಿಗೆಮನೆಯ ಸಾಮಾನು. ಬಾವಿ ತೋಡಿದರೆ ಸವಳು, ಬೋರು ಕೊರೆಸಿದರೂ ಸವಳು. ಆ ನೀರಿಗೆ ಬೇಳೆ ಬೇಯುವುದಿಲ್ಲ, ಸಾಬೂನು ನೊರೆ ಬಿಡುವುದಿಲ್ಲ. ಮಳೆಗಾಲದಲ್ಲಿ ತುಪ್ಪರಿ ಹಳ್ಳ, ಬೆಣ್ಣಿ ಹಳ್ಳಗಳು ಹೊಲ ಕೊಚ್ಚಿಕೊಂಡು ಹೋಗುವಷ್ಟು ಏರಿ ಬರುತ್ತವೆ. ಬ್ಯಾಸಿಗೆಯಲ್ಲಿ ಕೊಡ ಅದ್ದುವಷ್ಟೂ ಉಳಿಯುವುದಿಲ್ಲ. ಉಳಿದದ್ದು ಕೆರೆಯೊಂದೇ.

ಇಂಥ ಊರಿನ ಮನುಷ್ಯನನ್ನು ಕರೆದು, ಯುರೋಪಿನಲ್ಲಿ ಎರಡು-ಮೂರು ದಿನ ಆರಾಮಾಗಿ ಇದ್ದು ಬರಲು ಕೆರೆ ದಂಡೆಯ ಒಂದು ಊರು ಆರಿಸು ಎಂದರೆ ಏನಾಗಬೇಕೋ ಅದೇ ಆಯಿತು.

ಮಗ ಸ್ಟುಟ್‌ಗಾರ್ಟ್‌ನಲ್ಲಿ ಇಂಜಿನಿಯರ್. ಬೆಂಗಳೂರಿನ ಆಡುಗೋಡಿಯ ಮೈಕೋ ಕಾರ್ಖಾನೆಯ ಕಾಲದಿಂದಲೂ ಆ ಊರಿಗೂ ನಮ್ಮ ನಾಡಿಗೂ ಹೋಗಿಬರುವ ಬಳಕೆ ಉಂಟು. ಅದಕ್ಕೂ ಹಿಂದೆ ಆ ಸೀಮೆಯಿಂದ ನಮ್ಮ ಕಡೆ ಬಂದವರು ಪಾದ್ರಿಗಳು. ‘ಮಂಗಳೂರ ಸಮಾಚಾರ’ದ ಮೋಗ್ಲಿಂಗ್ ಹುಟ್ಟಿದ್ದು ಸ್ಟುಟ್‌ಗಾರ್ಟ್‌ಗೆ ಹತ್ತಿರದ ಬ್ರಾಕನ್‌ಹೈಮ್‌ನಲ್ಲಿ. ನಿಘಂಟಿನ ಕಿಟ್ಟೆಲ್ ಧಾರವಾಡದ ಬಿಸಿಲು ಕಂಡವರು, 1903ರಲ್ಲಿ ತೀರಿಕೊಂಡದ್ದು ಅಲ್ಲೇ ಪಕ್ಕದ ಟ್ಯೂಬಿಂಗನ್‌ನಲ್ಲಿ. ಹೋದ ವಾರದಲ್ಲೇ ಆ ಯಾತ್ರೆಗಳೆಲ್ಲ ಮುಗಿದಿದ್ದವು. ಇನ್ನು ಉಳಿದದ್ದು ಸೊಸೆ ಹೇಳಿದ “ರಿಲ್ಯಾಕ್ಸ್” ಆಗುವ ಕೆಲಸ. ಅದಕ್ಕೆ ಮನೆಯಲ್ಲಿ ಪಂಚಾಯ್ತಿ ಕೂತಿತು.

ಸೊಸೆಯದು ಹಾಲ್‌ಸ್ಟಾಟ್. ಆಸ್ಟ್ರಿಯದ ಉಪ್ಪಿನ ಗಣಿಯ ಊರು. ಗುಡ್ಡದ ಬುಡಕ್ಕೆ ಅಂಟಿಕೊಂಡ ಮನೆಗಳು, ಕೆಳಗೆ ಹಸಿರು ನೀರು. ಚೀನಾದವರು ಅದನ್ನು ನೋಡಿ ಮರುಳಾಗಿ ತಮ್ಮ ಗ್ವಾಂಗ್‌ಡಾಂಗ್ ಪ್ರಾಂತದಲ್ಲಿ ಅದರದೇ ನಕಲು ಊರು ಕಟ್ಟಿ 2012ರಲ್ಲಿ ತೆರೆದರು. ಅಸಲಿ ಊರಿನಲ್ಲಿರುವವರು ಎಂಟು ನೂರು ಜನವೂ ಇಲ್ಲ, ಸುಗ್ಗಿಯ ದಿನ ಬರುವವರು ಹತ್ತು ಸಾವಿರ. ಸೆಲ್ಫಿಯವರ ಕಾಟಕ್ಕೆ 2023ರಲ್ಲಿ ಊರವರು ನೋಟ ಮುಚ್ಚುವಂತೆ ಕಟ್ಟಿಗೆಯ ಬೇಲಿಯನ್ನೇ ಹಾಕಿದ್ದರು. ಸಾವಿರಾರು ಮಂದಿ ನಡುವೆ ಮೊಣಕೈ ತಿವಿಸಿಕೊಂಡು ಆರಾಮ ಹುಡುಕುವುದಾದರೆ ಯಮನೂರು ಜಾತ್ರೆ ಏನು ಕಡಿಮೆ? ಅಲ್ಲಿ ಪುಣ್ಯವಾದರೂ ಸಿಕ್ಕೀತು.

ನಮ್ಮಾಕಿಗೆ ಸ್ಲೊವೇನಿಯದ ಬ್ಲೆಡ್ ಹಿಡಿಸಿತು. ಸರೋವರದ ನಡುವೆ ನಡುಗಡ್ಡೆ, ಅದರ ಮೇಲೆ ಇಗರ್ಜಿ, ಹತ್ತಲು ತೊಂಬತ್ತೊಂಬತ್ತು ಮೆಟ್ಟಿಲು. ಒಳಗೆ ಗಂಟೆ ಬಾರಿಸಿ ಬೇಡಿಕೊಂಡರೆ ಕೈಗೂಡುತ್ತದಂತೆ. ಮದುವೆಯ ದಿನ ಗಂಡ ಹೆಂಡತಿಯನ್ನು ಎತ್ತಿಕೊಂಡು ಅಷ್ಟೂ ಮೆಟ್ಟಿಲು ಹತ್ತಬೇಕಂತೆ. “ನೀವೇನ್ ಎತ್ತೂದು ಬ್ಯಾಡ್ರಿ, ದೇವರಿದ್ದ ಕೆರಿ ಅಂತ ಹೇಳಿದೆ ಅಷ್ಟ” ಎಂದಳು. ಮಗ ಇಟಲಿಯ ಕೋಮೊ ಎಂದ. ಆಮೇಲೆ ಅಲ್ಲಿನ ಹೋಟೆಲ್ ದರ ನೋಡಿ ತಾನೇ ಸುಮ್ಮನಾದ. ಲೂಸರ್ನ್ ಹೆಸರು ಬಂದು ಅದೇ ಕಾರಣಕ್ಕೆ ಹೋಯಿತು.

ನನ್ನ ಸರದಿ ಬಂದಾಗ ನಾನು ಕೇಳಿದ್ದು, “ಈ ಮನಿ ನಳದಾಗ ಬರೂ ನೀರು ಯಾವ ಊರಿಂದಪಾ?”

ಯಾರಿಗೂ ಗೊತ್ತಿರಲಿಲ್ಲ. ಮಗ ಫೋನಿನಲ್ಲಿ ಹುಡುಕಿದ. ಅವನಿದ್ದ ಭಾಗಕ್ಕೆ ನೀರು ಬರುವುದು ಬೋಡನ್‌ಸೇಯಿಂದ. ನಮ್ಮ ಭೂಗೋಳದ ಪುಸ್ತಕಗಳಲ್ಲಿ ಕಾನ್‌ಸ್ಟನ್ಸ್ ಸರೋವರ ಎನ್ನುತ್ತಿದ್ದರಲ್ಲ, ಅದು. ನೂರು ಕಿಲೋಮೀಟರಿಗೂ ಉದ್ದದ ಕೊಳವೆಯಲ್ಲಿ ಗುಡ್ಡ ಹತ್ತಿ ಇಳಿದು ಬರುತ್ತದೆ. “ಮತ್ಯಾಕ ತಡ, ಅಲ್ಲಿಗೇ ಹೋಗೂಣ” ಎಂದೆ. ಮಗನಿಗೆ ತಿಂಗಳ ಪಾಸಿನ ಲೋಕಲ್ ರೈಲಿನಲ್ಲೇ ಹೋಗಬಹುದೆಂಬುದು ರುಚಿಸಿತು. ಸೊಸೆ ದಂಡೆಯ ಊರುಗಳ ಚಿತ್ರ ನೋಡಿ ಯೂಬರ್ಲಿಂಗನ್ ಆರಿಸಿದಳು. ಲಿಂಡಾವ್, ಕಾನ್‌ಸ್ಟನ್ಸ್‌ಗಳಷ್ಟು ಹೆಸರಾಗಿಲ್ಲ, ಆದ್ದರಿಂದ ಗದ್ದಲವೂ ಅಷ್ಟಿಲ್ಲ. ನೀರಿನ ಗುಂಟ ಉದ್ದಕ್ಕೆ ನಡೆಯುವ ದಾರಿ, ಹಿಂದೆ ಹಳೇ ಗುಡಿಗೋಪುರ, ಕೂತು ಕಾಫಿ ಕುಡಿಯಲು ಜಾಗ.

ನನ್ನ ಪ್ರಶ್ನೆ ಅವರಿಗೆ ಮುದುಕನ ಹಟವೆನಿಸಿರಬೇಕು. ಆದರೆ ನಾನು ಬೆಳೆದದ್ದು ಕೆರೆಗೆ ಕಾವಲಿನವನಿದ್ದ ಕಾಲದಲ್ಲಿ. ಕುಡಿಯುವ ಕೆರೆಯಲ್ಲಿ ದನ ಇಳಿಸುವಂತಿಲ್ಲ, ಬಟ್ಟೆ ಒಗೆಯುವಂತಿಲ್ಲ; ಕಾಲು ತೊಳೆದವನಿಗೆ ಆತ ಕಲ್ಲು ಬೀಸುತ್ತಿದ್ದ. ಹೆಣ್ಣುಮಕ್ಕಳು ಮೆಟ್ಟಿಲಿಳಿದು, ಅಂಗೈಯಿಂದ ಮೇಲಿನ ಕೆನೆಗಸ ಸರಿಸಿ, ಕೊಡದ ಬಾಯಿಗೆ ಹಳೇ ಧೋತರದ ಅರಿವೆ ನಾಲ್ಕು ಮಡಿಕೆ ಮಾಡಿ ಹಿಡಿದು ತುಂಬುತ್ತಿದ್ದರು. ಮನೆಗೆ ತಂದ ಮೇಲೂ ಅದು ಚಹಾದ ಬಣ್ಣವೇ. ಅವ್ವ ಪಟಿಕದ ತುಣುಕನ್ನು ಕೊಡದೊಳಗೆ ಮೂರು ಸುತ್ತು ತಿರುಗಿಸಿ ಇಡುವಳು. ಬೆಳಗಾಗುವ ಹೊತ್ತಿಗೆ ಅರ್ಧ ಬೆರಳು ಎರಿ ಮಣ್ಣು ತಳಕ್ಕೆ ಕೂತು ಮೇಲೆ ತಿಳಿ ನೀರು. ಆ ತಳದ ಕೆಸರನ್ನೂ ಚೆಲ್ಲುತ್ತಿರಲಿಲ್ಲ, ತುಳಸಿಗೆ ಹಾಕುತ್ತಿದ್ದಳು. ಬ್ಯಾಸಿಗೆಯಲ್ಲಿ ಮದುವೆ ಇಟ್ಟುಕೊಳ್ಳುವವರು ಸ್ವಾಮಿಗಳನ್ನು ಕೇಳುವ ಮೊದಲು ಕೆರೆ ನೋಡಿಕೊಂಡು ಬರುತ್ತಿದ್ದರು. ಕಲಘಟಗಿ ಕಡೆಯ ಮಲೆನಾಡಿನಿಂದ ಲಗ್ನವಾಗಿ ಬಂದ ನಮ್ಮಾಕಿ ಮೊದಲ ವರ್ಷ ಗಂಡನ ಮನೆಯ ಬಗ್ಗೆ ದೂರಿದ್ದು ಅತ್ತೆಯ ಮೇಲಲ್ಲ, ಕೊಡದ ತಳದ ಮೇಲೆ.

ಸವದತ್ತಿ ಹತ್ತಿರ ನವಿಲುತೀರ್ಥದಲ್ಲಿ ಮಲಪ್ರಭೆಗೆ ಕಟ್ಟೆ ಆಗಿ ಕಾಲುವೆ ಬಂದ ಮೇಲೆ ಈ ಭಾಗದ ಕೆರೆಗಳನ್ನು ಕಾಲುವೆಯಿಂದ ತುಂಬಿಸತೊಡಗಿದರು. ಆಗಿನಿಂದ ನಾವು ಮೋಡ ನೋಡುವುದು ಬಿಟ್ಟು ಪೇಪರ್ ನೋಡಲು ಕಲಿತೆವು: ಕಾಲುವೆಗೆ ನೀರು ಯಾವಾಗ ಬಿಡುತ್ತಾರೆ? ಅದೇ ನೀರಿನ ಕರದ ಜಗಳದಲ್ಲಿ 1980ರ ಜುಲೈ 21ರಂದು ನವಲಗುಂದ, ನರಗುಂದಗಳಲ್ಲಿ ಗುಂಡು ಹಾರಿ ರೈತರು ಸತ್ತರು. ಹೀಗಾಗಿ ನಮ್ಮ ಕಡೆಯವರು ಟಿಎಂಸಿ ಲೆಕ್ಕದಲ್ಲಿ ಪಂಡಿತರು. ಎಷ್ಟನೇ ಇಯತ್ತೆ ಓದಿದ್ದರೂ ಸರಿ, ರೇಣುಕಾಸಾಗರದಲ್ಲಿ 37.73 ಟಿಎಂಸಿ ಹಿಡಿಯುತ್ತದೆಂದು ನಿದ್ದೆಯಲ್ಲಿ ಎಬ್ಬಿಸಿದರೂ ಹೇಳುತ್ತಾರೆ.

ಆ ಲೆಕ್ಕದ ಚಟ ನನ್ನನ್ನು ರೈಲಿನಲ್ಲೂ ಬಿಡಲಿಲ್ಲ. ಬೋಡನ್‌ಸೇ 251 ಮೀಟರ್ ಆಳ. 48 ಘನ ಕಿಲೋಮೀಟರ್ ನೀರು. ನಮ್ಮ ಭಾಷೆಗೆ ತಂದರೆ ಹತ್ತಿರ ಹತ್ತಿರ 1,700 ಟಿಎಂಸಿ, ನಲವತ್ತೈದು ಮಲಪ್ರಭೆ. ಅದರಿಂದ ಕುಡಿಯಲು ಎತ್ತುವ ಜಲಮಂಡಳಿಗಳಲ್ಲಿ ದೊಡ್ಡದು 1954ರಲ್ಲಿ ಕೆಲವು ಊರುಗಳು ಕೂಡಿ ಕಟ್ಟಿಕೊಂಡದ್ದು. 1958ರಿಂದ ನೀರು ಹರಿಯುತ್ತಿದೆ. ಸುಮಾರು 40 ಲಕ್ಷ ಜನಕ್ಕೆ ವರ್ಷಕ್ಕೆ ಹೆಚ್ಚುಕಡಿಮೆ 13 ಕೋಟಿ ಘನ ಮೀಟರ್. ಅಂದರೆ ನಾಲ್ಕೂವರೆ ಟಿಎಂಸಿ ಚಿಲ್ಲರೆ. ನಮ್ಮ ಮಲಪ್ರಭೆಗೆ ನೀರು ತಿರುಗಿಸುವ ಕಳಸಾ-ಬಂಡೂರಿ ಯೋಜನೆಗೆ 2018ರ ತೀರ್ಪಿನಲ್ಲಿ ಸಿಕ್ಕದ್ದು 3.9 ಟಿಎಂಸಿ, ಕಾಗದದ ಮೇಲೆ. ಎರಡೂ ಸಂಖ್ಯೆಯನ್ನು ಪಕ್ಕಪಕ್ಕ ಬರೆದು ಮಗನಿಗೆ ತೋರಿಸಿದೆ. “ಅಪ್ಪಾ, ನಾವು ಆರಾಮ ಇರಾಕ ಹೊಂಟೇವಿ” ಎಂದ.

ರೈಲಿನ ಎಡಗಡೆ ದೂರದಲ್ಲಿ ಶ್ವಾಬಿಶ್ ಆಲ್ಬ್ ಎಂಬ ಸುಣ್ಣಕಲ್ಲಿನ ಗುಡ್ಡಸಾಲು ಕಾಣುತ್ತಿತ್ತು. ಹಸಿರೋ ಹಸಿರು. ಆದರೆ ಆ ಗುಡ್ಡದ ಮೇಲೆ ಬಿದ್ದ ಮಳೆ ನಿಲ್ಲುವುದಿಲ್ಲ, ಕಲ್ಲಿನ ಸಂದಿಯಲ್ಲಿ ಸೋರಿ ಕೆಳಗೆ ಹೋಗಿಬಿಡುತ್ತದೆ. ನೂರೈವತ್ತು ವರ್ಷದ ಹಿಂದೆ ಅಲ್ಲಿನ ಹಳ್ಳಿಯವರು ಮಾಡುತ್ತಿದ್ದದ್ದೇನು? ಊರ ನಡುವೆ ತಗ್ಗು ತೋಡಿ, ತಳಕ್ಕೆ ಜೇಡಿಮಣ್ಣು ಮೆತ್ತಿ, ಮಳೆನೀರು ಹಿಡಿಯುತ್ತಿದ್ದರು. ಹ್ಯೂಲೆ ಎಂದು ಅದರ ಹೆಸರು. ದನವೂ ಅದರಲ್ಲೇ, ಜನವೂ ಅದರಲ್ಲೇ. ಬರಗಾಲದಲ್ಲಿ ಕಣಿವೆಗಿಳಿದು ಗಾಡಿಯ ಮೇಲೆ ನೀರು ಹೇರಿ ತರುವುದು. ಕಾರ್ಲ್ ಎಹ್‌ಮನ್ ಎಂಬ ಇಂಜಿನಿಯರ್, ಕಣಿವೆಯ ನೀರನ್ನು ಪಂಪಿನಿಂದ ಮೇಲೆತ್ತಿ ಕೊಡುತ್ತೇನೆಂದಾಗ ಬಹಳ ಹಳ್ಳಿಗಳು ಖರ್ಚಿಗೆ ಹೆದರಿ ಹಿಂದೆ ಸರಿದವು. 1871ರಲ್ಲಿ ಮೊದಲ ಹಳ್ಳಿಗೆ ನೀರು ಹತ್ತಿತು. ಇದನ್ನು ಓದಿದಾಗಿನಿಂದ ಜರ್ಮನ್ನರೆಂದರೆ ನನಗಿದ್ದ ಅಂಜಿಕೆ ಅರ್ಧ ಇಳಿದಿದೆ. ಅವರ ಮುತ್ತಜ್ಜಂದಿರೂ ಕೊಡದ ತಳ ಕಂಡವರೇ.

ಯೂಬರ್ಲಿಂಗನ್‌ಗೆ ಮುಂಚಿನ ಊರು ಸಿಪ್ಲಿಂಗನ್. ನೀರೆತ್ತುವ ಜಾಗ ಅದೇ. ನೋಡಲು ಏನೂ ಇಲ್ಲ. ಕೊಳವೆಯ ಬಾಯಿ 60 ಮೀಟರ್ ಕೆಳಗೆ, ಅಲ್ಲಿ ನೀರು ವರ್ಷವಿಡೀ ಐದು ಡಿಗ್ರಿಯ ಆಸುಪಾಸು. ಅಲ್ಲಿಂದ ಮುನ್ನೂರು ಮೀಟರಿಗೂ ಮೇಲೆ ಗುಡ್ಡದ ತಲೆಗೆ ಒತ್ತಿ ಏರಿಸಿ, ಸೋಸಿ, ಓಝೋನ್ ಹಾಯಿಸಿ, ಮರಳಿನಲ್ಲಿ ಇಳಿಸಿ ಉತ್ತರಕ್ಕೆ ಕಳಿಸುತ್ತಾರೆ. ನಾನು ಗಾಜಿಗೆ ಮುಖವಿಟ್ಟು ಆ ಗುಡ್ಡ ನೋಡುತ್ತಿದ್ದರೆ ಉಳಿದ ಪ್ರಯಾಣಿಕರೆಲ್ಲ ಆಚೆಯ ಕಿಟಕಿಯಿಂದ ನೀಲಿ ನೀರು ನೋಡುತ್ತಿದ್ದರು.

ದಂಡೆಗೆ ಹೋದಾಗ ನನಗಾದ ಸಂಕಟ ಬೇರೆ. ನಲವತ್ತು ಲಕ್ಷ ಜನ ಕುಡಿಯುವ ಕೆರೆಯಲ್ಲಿ ಮುದುಕರು, ಹುಡುಗರು ಧುಮುಕಿ ಈಜುತ್ತಿದ್ದರು. ಯಾರೂ ಕಲ್ಲು ಬೀಸುತ್ತಿರಲಿಲ್ಲ. ಆ ಊರು ಕ್ನೈಪ್ ಚಿಕಿತ್ಸೆಗೆ ಹೆಸರಾದದ್ದು. ಹತ್ತೊಂಬತ್ತನೆಯ ಶತಮಾನದ ಸೆಬಾಸ್ಟಿಯನ್ ಕ್ನೈಪ್ ಎಂಬ ಪಾದ್ರಿ ತಣ್ಣೀರಿನಿಂದಲೇ ರೋಗ ಕಳೆಯುತ್ತೇನೆಂದು ಹೊರಟವನು. ಮೊಣಕಾಲುದ್ದ ತಣ್ಣೀರಿನಲ್ಲಿ ಕೊಕ್ಕರೆಯ ಹಾಗೆ ಒಂದೊಂದೇ ಕಾಲು ಪೂರಾ ಮೇಲೆತ್ತಿ ನಡೆಯಬೇಕು. ನಮ್ಮಾಕಿ ಸೀರೆ ಎತ್ತಿಕಟ್ಟಿ ಇಳಿದೇಬಿಟ್ಟಳು. “ನಿಮ್ಮೂರಾಗ ಕೆರ್ಯಾಗ ಕಾಲಿಟ್ರ ದಂಡ, ಇಲ್ಲಿ ಔಷಧ” ಎಂದು ಅಷ್ಟು ವರ್ಷದ ಬಾಕಿ ತೀರಿಸಿಕೊಂಡಳು.

ಈ ಸರೋವರ ಮೂರು ದೇಶಗಳಿಗೆ ಸೇರಿದ್ದು: ಜರ್ಮನಿ, ಸ್ವಿಟ್ಜರ್‌ಲೆಂಡ್, ಆಸ್ಟ್ರಿಯ. ಅದರ ದೊಡ್ಡ ಭಾಗದಲ್ಲಿ ಯಾರ ಗಡಿ ಎಲ್ಲಿ ಎಂದು ಇವತ್ತಿಗೂ ಒಪ್ಪಂದವಾಗಿಲ್ಲ. ಆದರೆ ನೀರು ಎತ್ತುವ ಬಗ್ಗೆ 1966ರಲ್ಲೇ ಒಪ್ಪಂದವಾಗಿದೆ. ನವಲಗುಂದದ ನೀರಿನ ಧರಣಿ ಪೆಂಡಾಲಿನಲ್ಲಿ ಇದನ್ನು ಹೇಳಿದರೆ ಯಾರೂ ನಂಬಲಿಕ್ಕಿಲ್ಲ. ಹಾಗೆಂದು ಅವರನ್ನು ದೇವರೆಂದು ಹೊಗಳಲಾರೆ. 1,700 ಟಿಎಂಸಿ ಇದ್ದವರಿಗೆ ನಾಲ್ಕು ಬಿಟ್ಟುಕೊಡುವುದು ಕಷ್ಟವಲ್ಲ. ಅವರ ನಿಜವಾದ ದುಡಿಮೆ ಇರುವುದು ಬೇರೆ ಕಡೆ. ಚರಂಡಿ, ಸಾಬೂನು ಪುಡಿ, ಹೊಲದ ಗೊಬ್ಬರ ಸೇರಿ 1970ರ ದಶಕದ ಕೊನೆಗೆ ಈ ನೀರು ಪಾಚಿಗಟ್ಟತೊಡಗಿತ್ತು. 1959ರಿಂದ ಕೂಡಿ ಕೂತಿದ್ದ ದಂಡೆಯ ಸರ್ಕಾರಗಳು ಚರಂಡಿ ನೀರು ಶುದ್ಧಿಗೊಳಿಸುವ ಘಟಕಗಳಿಗೆ ಕೋಟಿ ಕೋಟಿ ಸುರಿದವು. ರಂಜಕದ ಪ್ರಮಾಣ ಹತ್ತರಲ್ಲೊಂದು ಪಾಲಿಗೂ ಕೆಳಗಿಳಿಯಿತು. ಈಗ ಮೀನುಗಾರರದು ಉಲ್ಟಾ ತಕರಾರು: ನೀರು ವಿಪರೀತ ಸ್ವಚ್ಛ, ಮೀನಿಗೆ ತಿನ್ನಲು ಏನೂ ಇಲ್ಲ. ಫೆಲ್ಹನ್ ಎಂಬ ಅಲ್ಲಿನ ಹೆಸರುವಾಸಿ ಮೀನು ಹಿಡಿಯುವುದನ್ನು 2024ರಿಂದ ಮೂರು ವರ್ಷ ನಿಲ್ಲಿಸಿದ್ದಾರೆ. 2016ರಲ್ಲಿ ಕಾಣಿಸಿಕೊಂಡ ಕ್ವಾಗಾ ಎಂಬ ಕಪ್ಪೆಚಿಪ್ಪು ಕೊಳವೆಗಳೊಳಗೇ ಕಟ್ಟಿಕೊಳ್ಳುತ್ತಿದೆಯಂತೆ.

ಇತ್ತ ನಮ್ಮ ಕಡೆ ನೋಡಿದರೆ, ಉಣಕಲ್ ಕೆರೆಯ ನೀರನ್ನೂ ಒಂದು ಕಾಲಕ್ಕೆ ಹುಬ್ಬಳ್ಳಿ ಕುಡಿದಿದೆ. ಸೊಸೆ ಅದರ ದಂಡೆಯಲ್ಲೇ ವಾಕಿಂಗ್ ಮಾಡಿ ಬೆಳೆದವಳು, ಅವಳಿಗೆ ಇದು ಹೊಸ ಸುದ್ದಿ. “ಆ ನೀರಾ, ಮಾಂವಾರ?” ಎಂದು ಮುಖ ಕಿವುಚಿದಳು. ಕುಡಿಯುವುದು ನಿಂತ ಮೇಲೆ ಕೆರೆಯನ್ನು ಯಾರು ಕಾಯುತ್ತಾರೆ? ಪಾರ್ಕು ಮಾಡಿ ದೀಪ ಹಾಕಿದರೆ ಸಾಕೆಂದುಕೊಳ್ಳುತ್ತೇವೆ.

ಆರಾಮ ಆಯಿತೇ ಎಂದರೆ, ಬೇಕಾದಷ್ಟಾಯಿತು. ಪಕ್ಕದ ಉಂಟರ್‌ಊಲ್ಡಿಂಗನ್‌ನಲ್ಲಿ ನೀರಿನ ಮೇಲೆ ಕಂಬ ನೆಟ್ಟು ಕಟ್ಟಿದ ಶಿಲಾಯುಗದ ಮನೆಗಳ ಮಾದರಿ ನೋಡಿದೆವು. ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಹೋಗಿದ್ದೆವು, ಬೆಂಚಿನ ಮೇಲೆ ಕೂತು ತಿಂದೆವು. ಯುರೋಪಿಗೆ ಹೋಗುವವರು ನನ್ನನ್ನು ಕೇಳಿದರೆ ಹೇಳುವುದು ಇಷ್ಟು: ಪೋಸ್ಟ್‌ಕಾರ್ಡಿನ ಊರು ಬಿಡಿ, ಅದರ ಎರಡು ಸ್ಟೇಶನ್ ಆಚೆ ಇಳಿಯಿರಿ, ನಳದ ನೀರಿಗೆ ಬಾಟಲಿ ಹಿಡಿಯಿರಿ.

ವೀಸಾದ ತೊಂಬತ್ತು ದಿನದಲ್ಲಿ ಇನ್ನೂ ಸ್ವಲ್ಪ ಉಳಿದಿದೆ. ಮುಂದಿನದಕ್ಕೆ ಫ್ರಾನ್ಸಿನ ಆನ್ಸಿ ಎಂದು ಹೇಳಿದ್ದೇನೆ. ಅಲ್ಲಿನ ಸರೋವರ ಕೆಡುತ್ತಿದೆಯೆಂದು ಒಬ್ಬ ವೈದ್ಯ ಬೆನ್ನು ಬಿದ್ದು, 1957ರಲ್ಲಿ ದಂಡೆಯ ಊರುಗಳೆಲ್ಲ ಒಗ್ಗೂಡಿ, ಸುತ್ತಲೂ ಕೊಳವೆ ಹಾಕಿ ಚರಂಡಿಯನ್ನು ಆಚೆ ಸಾಗಿಸಿದರು. ಊರಿನ ನಳಕ್ಕೂ ಅದೇ ನೀರು. ಹಳೇ ಓಣಿಗಳು, ಕಾಲುವೆ, ಹೂವು, ಅಂಗಡಿ ಎಲ್ಲ ಇರುವುದರಿಂದ ಸೊಸೆಯೂ ಒಪ್ಪಿದ್ದಾಳೆ. ಒಂದೇ ಕರಾರು.

“ಮಾಂವಾರ, ಅಲ್ಲಿ ಹೋದಮ್ಯಾಗ ಟಿಎಂಸಿ ಮಾತು ತಗೀಬ್ಯಾಡ್ರಿ.”