ಕೂದಲೆಳೆಯ ಸಂದು

ಬಿಗಿಯಾದದ್ದೆಲ್ಲ ಗಟ್ಟಿ ಎಂಬುದು ನಮ್ಮ ಕಡೆಯವರ ನಂಬಿಕೆ. ಕಮ್ಮಾರ ಚಕ್ಕಡಿ ಗಾಲಿಯ ಹಳಿಯನ್ನು ಕುಳ್ಳಿನ ಬೆಂಕಿಯಲ್ಲಿ ಕೆಂಪಗೆ ಕಾಯಿಸುತ್ತಾನೆ. ಹಿಗ್ಗಿದ ಹಳಿಯನ್ನು ಗಾಲಿಗೆ ತೊಡಿಸಿ ನೀರು ಸುರಿಯುತ್ತಾನೆ. ಅದು ಕುಗ್ಗಿ ಕಟ್ಟಿಗೆಯನ್ನು ಅವುಚಿ ಹಿಡಿಯುತ್ತದೆ. ಮೂಡಲಗಿಯಲ್ಲಿ ಬೆಳೆದ ನನಗೆ ಕಾವಿನ ಮೊದಲ ಪಾಠ ಅದು. ಎರಡನೆಯದನ್ನು ಕಲಿಸಿದ್ದು ಅಪ್ಪನ ಯೆಜ್ಡಿ.

ಈ ಗಾಡಿಗಳನ್ನು ಕಟ್ಟುತ್ತಿದ್ದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಶುರುವಾಗಿ 1996ರಲ್ಲಿ ಬಾಗಿಲು ಹಾಕಿತು. ಅಪ್ಪ ತೀರಿಕೊಂಡ ಮೇಲೆ ನಮ್ಮ ಯೆಜ್ಡಿ ದನದ ಕೊಟ್ಟಿಗೆ ಸೇರಿತ್ತು. ಅದನ್ನು ಮತ್ತೆ ಓಡಿಸುವ ಹುಕಿ ತಮ್ಮನಿಗೆ ಬಂತು. ಒಂದು ಗ್ಯಾರೇಜಿಗೆ ಒಯ್ದು, ಸಿಲಿಂಡರ್ ಬೋರ್ ಮಾಡಿಸಿ, ಹೊಸ ಪಿಸ್ಟನ್ ಹಾಕಿಸಿ ತಂದ. “ಎಷ್ಟ ಬಿಗಿ ಕೂಡ್ಸ್ಯಾರ ನೋಡಣ್ಣ!” ಎಂದು ಹಿಗ್ಗಿದ.

ಪಿಸ್ಟನ್ನೂ ಹಿಗ್ಗಿತು. ಗುರ್ಲಾಪುರ ಕ್ರಾಸ್ ದಾಟಿ ವೇಗ ಏರಿಸಿದ್ದೇ ತಡ, ಅದು ಸಿಲಿಂಡರಿನಲ್ಲಿ ಕಚ್ಚಿಕೊಂಡು ಹಿಂಗಾಲಿ ತಿರುಗದೆ ನಿಂತುಬಿಟ್ಟಿತು. ಕಬ್ಬಿನ ಹಂಗಾಮು, ಹಿಂದೆ ಹೇರು ತುಂಬಿದ ಟ್ರ್ಯಾಕ್ಟರ್. ತಮ್ಮ ಕ್ಲಚ್ ಒತ್ತಿ ಗಾಡಿಯನ್ನು ಹೇಗೋ ರಸ್ತೆಯ ಬದಿಗೆ ಎಳೆದುಕೊಂಡ. “ಆ ಕಬ್ಬಣಾ ಮೋಡಕಾಕ್ಕ ಹಾಕ್ರಿ, ನನಗ ಮಕ್ಕಳು ಬೇಕು” ಎಂದಳು ಅವ್ವ.

ಗೋಕಾಕಿನ ಮುದುಕ ಮೇಸ್ತ್ರಿಯೊಬ್ಬರು ಇಂಜಿನ್ ಬಿಚ್ಚಿದರು. ಪಿಸ್ಟನ್ನಿನ ಮೈತುಂಬ ಬೆಕ್ಕು ಪರಚಿದಂಥ ಗೀರು. “ಟೇಬಲ್ ಮ್ಯಾಲ ತಣ್ಣಗಿದ್ದಾಗ ಅಳತಿ ಮಾಡ್ಯಾರ್ರಿ. ದುಡಿಯೂ ಮುಂದ ಅದು ಎಷ್ಟ ದೊಡ್ಡದಾಗತೈತಿ ಅನ್ನೂದು ಯಾರ ನೋಡಬೇಕು?” ಎಂದರು.

ಲೆಕ್ಕ ಸರಳ. ಸಿಲಿಂಡರ್ ಎರಕದ ಕಬ್ಬಿಣ, ಪಿಸ್ಟನ್ ಅಲ್ಯೂಮಿನಿಯಂ. ನೂರು ಡಿಗ್ರಿ ಕಾವೇರಿದರೆ 65 ಮಿ.ಮೀ.ನ ಕಬ್ಬಿಣದ ಬೋರು ಸುಮಾರು 0.07 ಮಿ.ಮೀ. ಅಗಲವಾದರೆ, ಅದೇ ಅಳತೆಯ ಪಿಸ್ಟನ್ ಸುಮಾರು 0.13 ಮಿ.ಮೀ. ಹಿಗ್ಗುತ್ತದೆ. ಸಾಲದ್ದಕ್ಕೆ ಬೆಂಕಿಯ ಎದುರು ನಿಲ್ಲುವ ಪಿಸ್ಟನ್ನಿಗೇ ಕಾವೂ ಹೆಚ್ಚು. ಅದಕ್ಕೇ ಅದರ ತಲೆಯನ್ನು ಬುಡಕ್ಕಿಂತ ತುಸು ಸಣ್ಣ ಮಾಡಿರುತ್ತಾರೆ. ರೇಸಿನ ಕಾರುಗಳಲ್ಲಿ ಬಡಿದು ಮಾಡಿದ ಗಟ್ಟಿ ಪಿಸ್ಟನ್ ಹಾಕುತ್ತಾರೆ. ಅಂಥವುಗಳಲ್ಲಿ ಸಿಲಿಕಾನ್ ಕಡಿಮೆ ಇರುವ ಲೋಹದವು ಇನ್ನೂ ಹೆಚ್ಚು ಹಿಗ್ಗುತ್ತವೆ, ಇನ್ನೂ ಹೆಚ್ಚು ಸಂದು ಕೇಳುತ್ತವೆ. ಹಾಗೆಂದು ಸಡಿಲ ಬಿಟ್ಟರೂ ಕಷ್ಟ: ಪಿಸ್ಟನ್ ಓಲಾಡಿ ಗೋಡೆಗೆ ಬಡಿದು ರಿಂಗು, ಬೋರು ಎರಡನ್ನೂ ಸವೆಸುತ್ತದೆ.

ಮೇಸ್ತ್ರಿ ಮುಂದಿನ ಸೈಜಿನ ಪಿಸ್ಟನ್ ತರಿಸಿದರು. ಮೈಕ್ರೋಮೀಟರಿನಿಂದ ಅದರ ಬುಡವನ್ನು ಪಿನ್ನಿಗೆ ಅಡ್ಡಲಾಗಿ ಅಳೆದರು. ಬೋರನ್ನು ಮೇಲೆ, ನಡುವೆ, ಕೆಳಗೆ ಮೂರು ಕಡೆ ನೋಡಿದರು. ಬಿಟ್ಟ ಸಂದು ಮೂರು ಥೌ, ಅಂದರೆ 0.076 ಮಿ.ಮೀ.; ಹೆಚ್ಚುಕಡಿಮೆ ಒಂದು ಕೂದಲಿನ ದಪ್ಪ. ಬೋರಿನ ಗೋಡೆಗೆ ಎಣ್ಣೆ ಹಿಡಿದಿಡುವ ಸಣ್ಣ ಅಡ್ಡಗೀರುಗಳನ್ನು ಎಳೆದರು. “ಸೊಸಿ ಬಂದ ಮನಿಯಾಗ ಒಂದ ಖೋಲಿ ಜಾಸ್ತಿ ಬೇಕಲ್ರಿ, ಹಂಗ ಇದು” ಎಂದು ನಕ್ಕರು.

ಈಗ ತಮ್ಮ ಕಿಕ್ ಹೊಡೆದು ಎರಡು ನಿಮಿಷ ಸುಮ್ಮನೆ ನಿಲ್ಲುತ್ತಾನೆ. ತಣ್ಣಗಿನ ಇಂಜಿನ್ ಟಕಟಕ ಎನ್ನುತ್ತದೆ. ಕಾವೇರಿದಂತೆ ಸಪ್ಪಳ ತಾನೇ ಅಡಗುತ್ತದೆ. ಮೊದಲ ದಿನ ನಾನು ಗಾಬರಿಯಾಗಿ ಅವ್ವನ ಮುಖ ನೋಡಿದೆ. ಅವಳು ರೊಟ್ಟಿ ಬಡಿಯುವ ಕೈ ನಿಲ್ಲಿಸಿ ಆಲಿಸುತ್ತಿದ್ದಳು.

“ನಿಮ್ಮಪ್ಪ ಹೊಂಟಾಗೂ ಹಿಂಗ ಬಡಕೋತಿತ್ತು,” ಎಂದಳು.